ಕಲ್ಲಿನೊಳಗಣ ವಾಯು: ಬ್ರೆವಿಕ್ ಸಿಮೆಂಟ್ ಕಾರ್ಖಾನೆಯ ವೃತ್ತಾಂತವನ್ನು ಕುರಿತು ಒಂದು ವಿಮರ್ಶೆ

ನಾರ್ವೆ ದೇಶದ ಆಗ್ನೇಯ ತೀರದಲ್ಲಿರುವ ಬ್ರೆವಿಕ್ ಎಂಬ ಸಣ್ಣ ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ 2025ನೆಯ ಇಸವಿಯ ಜೂನ್ ತಿಂಗಳಲ್ಲಿ ಒಂದು ಹೊಸ ಸ್ಥಾವರದ ಉದ್ಘಾಟನೆಯಾಯಿತು. ಗೂಡಿನಿಂದ ಹೊರಬೀಳುವ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು, ಎಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳು ಇಂಗಾಲಾಮ್ಲವೆಂದು ಕರೆಯುತ್ತಿದ್ದ ವಾಯುವನ್ನು, ಪ್ರತ್ಯೇಕಿಸಿ, ದ್ರವವನ್ನಾಗಿ ಮಾಡಿ, ಹಡಗಿನ ಮೂಲಕ ಪಶ್ಚಿಮ ತೀರಕ್ಕೆ ಸಾಗಿಸಿ, ಸಮುದ್ರತಳದ ಕೆಳಗಣ ಬಂಡೆಗಳಲ್ಲಿ ಹೂಳುವುದು ಅದರ ಉದ್ದೇಶ. ವರ್ಷಕ್ಕೆ 4 ಲಕ್ಷ ಟನ್ನುಗಳನ್ನು ಹೀಗೆ ಹಿಡಿಯಬೇಕೆಂದು ಅದನ್ನು ರಚಿಸಲಾಗಿದೆ. ಅದೇ ವರ್ಷದ ಆಗಸ್ಟಿನಲ್ಲಿ ಬ್ರೆವಿಕ್ಕಿನ ವಾಯುವು ಉತ್ತರ ಸಮುದ್ರದ ತಳದಿಂದ ಸುಮಾರು 2,600 ಮೀಟರು ಕೆಳಗಿರುವ ಮರಳುಗಲ್ಲಿನ ಸ್ತರವನ್ನು ಸೇರಿತು. ಸಿಮೆಂಟ್ ಉದ್ಯಮದಲ್ಲಿ ಈ ಪ್ರಮಾಣದ ಕಾರ್ಯ ಹಿಂದೆ ನಡೆದಿರಲಿಲ್ಲವೆಂಬುದು ನಿರ್ವಿವಾದ.

ರಸಾಯನಶಾಸ್ತ್ರಕ್ಕೂ ಯಂತ್ರಶಾಸ್ತ್ರಕ್ಕೂ ಸೇರಿದ ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಯಂತ್ರವು ಚೆನ್ನಾಗಿ ನಡೆಯುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಣಯಿಸುವ ಅಧಿಕಾರ ಅವನಿಗಿಲ್ಲ. ಆದರೆ ಒಂದು ಯಂತ್ರದ ಕಥೆಯನ್ನು ಎಲ್ಲಿಂದ ಆರಂಭಿಸುತ್ತಾರೆ, ಯಾರನ್ನು ಅದರ ನಾಯಕನನ್ನಾಗಿ ಮಾಡುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಎಂಬುದನ್ನು ಪರೀಕ್ಷಿಸುವುದು ಅವನ ಕಸುಬು. ಬ್ರೆವಿಕ್ಕಿನ ವಿಷಯವಾಗಿ ಬಂದಿರುವ ಪ್ರಕಟಣೆಗಳಲ್ಲಿಯೂ ಅವುಗಳನ್ನು ಅನುಸರಿಸಿದ ಲೇಖನಗಳಲ್ಲಿಯೂ ಮೂರು ಕಲ್ಪನೆಗಳು ಮತ್ತೆ ಮತ್ತೆ ಬರುತ್ತವೆ: ಈ ವಾಯು ಅನಿವಾರ್ಯವಾದುದು, ಈ ಸ್ಥಾವರ ಪ್ರಥಮವಾದುದು, ಇದರಿಂದ ದೊರೆಯುವ ಸಿಮೆಂಟಿನ ಇಂಗಾಲಭಾರ ಶೂನ್ಯವಾದುದು. ಮೂರರಲ್ಲಿಯೂ ಸತ್ಯಾಂಶವಿದೆ, ಆ ಸತ್ಯಾಂಶದ ಎಲ್ಲೆ ಎಲ್ಲಿಯವರೆಗೆ ಎಂಬುದೇ ಪ್ರಶ್ನೆ.

‘ಅನಿವಾರ್ಯ’ವೆಂಬ ಮಾತಿಗೆ ಗಟ್ಟಿಯಾದ ಆಧಾರವಿದೆ. ಸುಣ್ಣಕ್ಕೆ ಚುರುಕು ಬರುವುದು ಅದು ಗೂಡಿನಲ್ಲಿ ಬೆಂಕಿಯಿಂದ ಏನನ್ನೋ ಹೀರಿಕೊಳ್ಳುವುದರಿಂದ ಎಂದು ಹದಿನೆಂಟನೆಯ ಶತಮಾನದ ಯೂರೋಪಿನ ಪಂಡಿತರು ನಂಬಿದ್ದರು. ಸ್ಕಾಟ್ಲೆಂಡಿನ ವೈದ್ಯನೂ ರಸಾಯನಜ್ಞನೂ ಆದ ಜೋಸೆಫ್ ಬ್ಲ್ಯಾಕನು 1756ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಕ್ಕಡಿಯನ್ನು ಹಿಡಿದು ಇದಕ್ಕೆ ವಿರುದ್ಧವಾದುದನ್ನು ತೋರಿಸಿದನು. ಕಲ್ಲು ಬೆಂಕಿಯಿಂದ ಏನನ್ನೂ ಪಡೆಯುವುದಿಲ್ಲ. ತನ್ನೊಳಗೆ ಬದ್ಧವಾಗಿದ್ದ ಒಂದು ವಾಯುವನ್ನು ಕಳೆದುಕೊಳ್ಳುತ್ತದೆ, ತೂಕ ಕಡಮೆಯಾಗುತ್ತದೆ. ನಮ್ಮ ಶಾಲೆಗಳಲ್ಲಿ ಹುಡುಗರು ಸುಣ್ಣದ ತಿಳಿನೀರಿಗೆ ಉಸಿರೂದಿ ಅದನ್ನು ಹಾಲಿನಂತೆ ಮಾಡುವ ಪ್ರಯೋಗವು ಅದೇ ವಾಯು ಸುಣ್ಣಕ್ಕೆ ಮರಳುವುದನ್ನು ತೋರಿಸುತ್ತದೆ. ಅದೇ 1756ರಲ್ಲಿ ಜಾನ್ ಸ್ಮೀಟನನು ಎಡಿಸ್ಟೋನ್ ದೀಪಸ್ತಂಭಕ್ಕಾಗಿ ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣವನ್ನು ಹುಡುಕಿ ಪ್ರಯೋಗಗಳನ್ನು ನಡೆಸುತ್ತಿದ್ದನು. ಆ ಮಾರ್ಗದಲ್ಲಿ ಮುಂದೆ 1824ರಲ್ಲಿ ಜೋಸೆಫ್ ಆಸ್ಪ್‌ಡಿನನ ಪೋರ್ಟ್‌ಲೆಂಡ್ ಸಿಮೆಂಟಿನ ಸನ್ನದು ಬಂದಿತು. ಸಿಮೆಂಟಿನ ಚರಿತ್ರಕಾರರು ಸ್ಮೀಟನನಿಗೆ ಕೊಟ್ಟ ಮರ್ಯಾದೆಯನ್ನು ಬ್ಲ್ಯಾಕನಿಗೆ ಕೊಟ್ಟಿಲ್ಲ. ಇಂದು ಆ ಕೊರತೆಯನ್ನು ತುಂಬಿಕೊಡಬೇಕಾಗಿದೆ, ಏಕೆಂದರೆ ಉದ್ಯಮದ ಈಗಿನ ಸಂಕಟವೆಲ್ಲ ಬ್ಲ್ಯಾಕನ ತಕ್ಕಡಿಯಲ್ಲಿದೆ.

ಲೆಕ್ಕ ಸರಳವಾದುದು. ಶುದ್ಧವಾದ ಸುಣ್ಣಕಲ್ಲಿನ 100 ಪಾಲು ಸುಟ್ಟರೆ 56 ಪಾಲು ಸುಣ್ಣ ಉಳಿದು 44 ಪಾಲು ಇಂಗಾಲಾಮ್ಲ ಹೋಗುತ್ತದೆ. ಒಂದು ಟನ್ ಸುಟ್ಟ ಸುಣ್ಣಕ್ಕೆ ಕಲ್ಲಿನಿಂದಲೇ ಸುಮಾರು 785 ಕಿಲೋಗ್ರಾಂ, ಒಂದು ಟನ್ ಸಿಮೆಂಟ್ ಕ್ಲಿಂಕರಿಗೆ ಅರ್ಧ ಟನ್ನಿಗೂ ತುಸು ಹೆಚ್ಚು. ಗೂಡಿಗೆ ಹಾಕುವ ಇಂಧನದ ಹೊಗೆ ಇದರ ಮೇಲೆ. ಸಿಮೆಂಟ್ ಕಾರ್ಖಾನೆಯಿಂದ ಹೊರಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಸುಮಾರು 60ರಷ್ಟು ಕಲ್ಲಿನದು, ಉಳಿದುದು ಬಹುಮಟ್ಟಿಗೆ ಇಂಧನದ್ದು. ಸೌದೆಯ ಬದಲು ಕಲ್ಲಿದ್ದಲನ್ನೋ, ಕಲ್ಲಿದ್ದಲಿನ ಬದಲು ಸೂರ್ಯನ ವಿದ್ಯುತ್ತನ್ನೋ ಇಟ್ಟುಕೊಂಡರೂ ಕಲ್ಲಿನ ಪಾಲು ಕಲ್ಲಿನದೇ. ವಿದ್ಯುತ್ ಉತ್ಪಾದನೆಗೂ ಈ ಉದ್ಯಮಕ್ಕೂ ಇರುವ ಮೂಲಭೂತ ವ್ಯತ್ಯಾಸವಿದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ತಯಾರಾಗುತ್ತಿರುವಾಗ ಕಲ್ಲಿನಿಂದ ಮಾತ್ರ ಬಿಡುಗಡೆಯಾಗುವ ವಾಯು ಸುಮಾರು 160 ಕೋಟಿ ಟನ್.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಟನ್ ಕ್ಲಿಂಕರಿಗೆ ಇಷ್ಟು ವಾಯು ಅನಿವಾರ್ಯವೆಂಬುದು ರಸಾಯನದ ನಿಯಮ. ಇಷ್ಟು ಟನ್ ಕ್ಲಿಂಕರು ಬೇಕೇ ಬೇಕೆಂಬುದು ಯಾವ ನಿಯಮವೂ ಅಲ್ಲ. ಅದು ಅಭ್ಯಾಸ, ಮಾರುಕಟ್ಟೆ ಮತ್ತು ಕಟ್ಟಡದ ಕಟ್ಟಳೆಗಳ ಫಲ. ಮೊದಲನೆಯದರ ಬಲದಿಂದ ಎರಡನೆಯದನ್ನೂ ಸಾಧಿಸಿಬಿಡುವುದು ಈ ವಿಷಯದ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಮೈಸೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಕಲ್ಲುಗಳನ್ನು ಕೂಡಿಸಿದ್ದು ಸುರ್ಕಿ ಗಾರೆ, ಎಂದರೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸುಣ್ಣದೊಡನೆ ಅರೆದದ್ದು. ಸುಟ್ಟ ಮಣ್ಣಿಗೆ ಸುಣ್ಣದೊಡನೆ ಕೂಡಿ ನೀರಿನಲ್ಲಿ ಗಟ್ಟಿಯಾಗುವ ಗುಣವಿದೆ. ಮಣ್ಣಿನಲ್ಲಿ ಬದ್ಧವಾದ ಇಂಗಾಲಾಮ್ಲ ಇಲ್ಲದಿರುವುದರಿಂದ ಅದನ್ನು ಸುಡುವಾಗ ಹೊಗೆ ಇಂಧನದ್ದು ಮಾತ್ರ. ಸುರ್ಕಿಯನ್ನು ಸಿಮೆಂಟು ಹಿಂದಟ್ಟಿದ ಮೇಲೆ ಅದು ಹಿಂದುಳಿದ ಕಾಲದ ಗುರುತೆಂದು ನಮ್ಮವರು ಮರೆತರು. ಈಗ ಸ್ವಿಟ್ಜರ್ಲೆಂಡಿನ ಲೊಸಾನ್ನಿನ ತಾಂತ್ರಿಕ ವಿದ್ಯಾಪೀಠ ಮತ್ತು ನಮ್ಮ ದೆಹಲಿ, ಮದರಾಸುಗಳ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದ ಎಲ್‌ಸಿ3 ಎಂಬ ಸಿಮೆಂಟಿನಲ್ಲಿ ಕ್ಲಿಂಕರು ಅರ್ಧ ಮಾತ್ರ. ಉಳಿದರ್ಧದಲ್ಲಿ ಬಹುಪಾಲು ಸುಟ್ಟ ಜೇಡಿಮಣ್ಣು, ಸ್ವಲ್ಪ ಸುಡದ ಸುಣ್ಣಕಲ್ಲಿನ ಪುಡಿ. ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಈ ಬಗೆಯ ಸಿಮೆಂಟಿಗೆ ಪ್ರತ್ಯೇಕ ಮಾನಕವನ್ನು ಹೊರಡಿಸಿತು. ಇದು ಸುರ್ಕಿಯೇ ಎಂದು ಹೇಳಿದರೆ ತಪ್ಪಾದೀತು, ಮಣ್ಣಿನ ಜಾತಿ, ಸುಡುವ ಶಾಖ, ಗುಣಪರೀಕ್ಷೆ ಎಲ್ಲವೂ ಬೇರೆ; ಆದರೆ ಒಂದೇ ವಂಶದ್ದೆಂದು ಹೇಳಲು ಅಡ್ಡಿಯಿಲ್ಲ. ಹೂಳುವ ಮಾತನ್ನು ಎತ್ತುವ ಮೊದಲು ಹುಟ್ಟಿಸದಿರುವ ಮಾತನ್ನು ಮುಗಿಸಬೇಕಾಗಿತ್ತು. ಬ್ರೆವಿಕ್ಕಿನ ವೃತ್ತಾಂತದಲ್ಲಿ ಆ ಅಧ್ಯಾಯ ಬಹಳ ಚಿಕ್ಕದು.

ಇನ್ನು ‘ಪ್ರಥಮ’ವೆಂಬ ವಿಶೇಷಣ. ಗೂಡಿನ ವಾಯುವನ್ನು ಹಿಡಿಯುವುದು ಹೊಸ ವಿದ್ಯೆಯೇನೂ ಅಲ್ಲ. ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆ 1861ರಲ್ಲಿ ಸನ್ನದು ಪಡೆದ ಸೋಡಾ ತಯಾರಿಕೆಯ ವಿಧಾನದಲ್ಲಿ ಸುಣ್ಣದ ಗೂಡಿನಿಂದ ಬರುವ ಇಂಗಾಲಾಮ್ಲವೇ ಕಚ್ಚಾ ಸಾಮಗ್ರಿ. ಅದನ್ನು ಬಿಟ್ಟರೆ ನಷ್ಟವೆಂದು ಕಾರ್ಖಾನೆಯವರು ಜೋಪಾನವಾಗಿ ಹಿಡಿಯುತ್ತಿದ್ದರು. ಗುಜರಾತಿನ ಮೀಠಾಪುರದಲ್ಲಿ 1939ರಲ್ಲಿ ಸ್ಥಾಪಿತವಾದ ಟಾಟಾ ಸಂಸ್ಥೆಯ ಸೋಡಾ ಕಾರ್ಖಾನೆಯ ವಿಧಾನವೂ ಇದೇ. ಬೀಟ್ ಸಕ್ಕರೆಯ ಕಾರ್ಖಾನೆಗಳಲ್ಲಿ ರಸವನ್ನು ತಿಳಿಗೊಳಿಸಲು ಸುಣ್ಣವನ್ನೂ ಅದರ ಗೂಡಿನ ವಾಯುವನ್ನೂ ಒಂದಾದಮೇಲೊಂದರಂತೆ ಹಾಯಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ್ದು. ಸಿಮೆಂಟಿನಲ್ಲಿಯೇ ನೋಡಿದರೂ ಚೀನಾದ ಅನ್ಹುಯಿ ಪ್ರಾಂತದ ಬೈಮಾಷಾನ್ ಕಾರ್ಖಾನೆಯು 2018ರಿಂದ ವರ್ಷಕ್ಕೆ 50,000 ಟನ್ ಹಿಡಿಯಬಲ್ಲ ಸ್ಥಾವರವನ್ನು ಹೊಂದಿದ್ದು, ಆ ವಾಯುವನ್ನು ಕೈಗಾರಿಕೆಗೂ ಆಹಾರೋದ್ಯಮಕ್ಕೂ ಮಾರಲೆಂದು ಅದನ್ನು ಕಟ್ಟಲಾಯಿತು.

ಈ ಪೂರ್ವಚರಿತ್ರೆಯನ್ನು ಕೆದಕುವುದು ಬ್ರೆವಿಕ್ಕಿನ ಕೀರ್ತಿಯನ್ನು ಕಡಮೆ ಮಾಡಲೆಂದಲ್ಲ. ಅದರ ನಿಜವಾದ ಹೊಸತನ ಎಲ್ಲಿದೆಯೆಂದು ತಿಳಿಯಲು. ಸಾಲ್ವೆಯ ಸೋಡಾ ಏನಾಗುತ್ತದೆ? ಅದರ ದೊಡ್ಡ ಪಾಲು ಗಾಜಿನ ಕುಲುಮೆಗೆ ಹೋಗುತ್ತದೆ, ಅಲ್ಲಿ ಕರಗುವಾಗ ಹಿಡಿದಿಟ್ಟಿದ್ದ ವಾಯುವನ್ನೆಲ್ಲ ಮತ್ತೆ ಬಿಟ್ಟುಬಿಡುತ್ತದೆ. ಸೋಡಾನೀರಿನ ಸೀಸೆಯ ವಾಯುವಂತೂ ಬಿರಡೆ ತೆಗೆದ ನಿಮಿಷದಲ್ಲಿಯೇ ಗಾಳಿಯ ಪಾಲು. ಹಿಡಿಯುವುದು ಬೇರೆ, ಇಡುವುದು ಬೇರೆ. ನಮ್ಮ ದೇಶದ ಯೋಜನೆಗಳಲ್ಲಿ ‘ಹಿಡಿಯುವುದು, ಬಳಸುವುದು, ಸಂಗ್ರಹಿಸುವುದು’ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಡಿಕೆಯಿದೆ. ಬಳಕೆಯಿಂದ ಹಣ ಬರುತ್ತದೆ, ಆದಕಾರಣ ಆ ಶಬ್ದ ಹಿತವಾಗಿದೆ. ಆದರೆ ಬಳಸಿದ ವಾಯು ಎಷ್ಟು ದಿನ ವಾತಾವರಣದಿಂದ ದೂರವಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳದ ಯೋಜನೆಯನ್ನು ಬ್ರೆವಿಕ್ಕಿನ ಪಂಕ್ತಿಯಲ್ಲಿ ಕೂರಿಸಲಾಗದು. ಬ್ರೆವಿಕ್ಕಿನ ಹೊಸತನವಿರುವುದು ವಾಯುವನ್ನು ಮಾರದೆ, ಕಾಸೂ ಬೆಲೆಯಿಲ್ಲದ ಜಾಗದಲ್ಲಿ ಇಟ್ಟುಬರುವುದರಲ್ಲಿ.

ಬೆಲೆಯಿಲ್ಲದ ಕೆಲಸಕ್ಕೆ ಹಣ ಕೊಟ್ಟವರು ಯಾರು? ವೃತ್ತಾಂತದಲ್ಲಿ ಹಿನ್ನೆಲೆಗೆ ಸರಿದಿರುವ ನಿಜವಾದ ನಾಯಕನು ಇಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನು ನಾರ್ವೆಯ ರಾಜ್ಯ, ಅಥವಾ ಅದರ ಬೊಕ್ಕಸ. ಕಥೆಯನ್ನು 1991ರಿಂದ ಆರಂಭಿಸಬೇಕು. ಆ ವರ್ಷ ನಾರ್ವೆಯು ಇಂಗಾಲಾಮ್ಲದ ಮೇಲೆ ತೆರಿಗೆ ಹಾಕಿತು. ಸಮುದ್ರದ ತೈಲಬಾವಿಗಳಿಗೂ ಅದು ಅನ್ವಯಿಸಿತು. ಸ್ಲೈಪ್ನರ್ ಎಂಬ ಅನಿಲಕ್ಷೇತ್ರದ ಅನಿಲದಲ್ಲಿ ಇಂಗಾಲಾಮ್ಲ ನೂರಕ್ಕೆ ಸುಮಾರು 9ರಷ್ಟಿದ್ದಿತು. ಮಾರಾಟಕ್ಕಾಗಿ ಅದನ್ನು ಹೇಗೂ ಬೇರ್ಪಡಿಸಬೇಕು; ಗಾಳಿಗೆ ಬಿಟ್ಟರೆ ತೆರಿಗೆ. ಹೀಗಾಗಿ 1996ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ನಿನಂತೆ ಅದನ್ನು ಸಮುದ್ರತಳದ ಕೆಳಗಣ ಉಟ್ಸಿರಾ ಮರಳುಗಲ್ಲಿನಲ್ಲಿ ತುಂಬತೊಡಗಿದರು. ಹೂಳುವ ವಿದ್ಯೆ ಕಲಿತದ್ದು ಅಲ್ಲಿ. ಬೇರೆಡೆ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. 2008ರಲ್ಲಿ ಉತ್ತರದ ಸ್ನೋವಿಟ್ ಕ್ಷೇತ್ರದಲ್ಲಿ ಆರಂಭವಾದ ಹೂಳುವಿಕೆಯಲ್ಲಿ ಒತ್ತಡ ನಿರೀಕ್ಷೆ ಮೀರಿ ಏರಿದ್ದರಿಂದ 2011ರಲ್ಲಿ ಬೇರೆ ಸ್ತರಕ್ಕೆ ಬದಲಾಯಿಸಬೇಕಾಯಿತು. ಭೂಮಿಯ ಒಡಲು ನಕ್ಷೆಯಲ್ಲಿ ಬರೆದಂತೆ ಇರುವುದಿಲ್ಲ.

ಅದಕ್ಕಿಂತ ದೊಡ್ಡ ಮುಖಭಂಗ ಮೋಂಗ್‌ಸ್ಟಾಡಿನದು. 2007ರ ಹೊಸವರ್ಷದ ಭಾಷಣದಲ್ಲಿ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗರು ಮೋಂಗ್‌ಸ್ಟಾಡಿನಲ್ಲಿ ಇಂಗಾಲಾಮ್ಲವನ್ನು ಹಿಡಿಯುವ ಕಾರ್ಯವನ್ನು ಚಂದ್ರನ ಮೇಲೆ ಇಳಿಯುವ ಸಾಹಸಕ್ಕೆ ಹೋಲಿಸಿದರು. 2012ರಲ್ಲಿ ಅಲ್ಲಿ ಪರೀಕ್ಷಾಕೇಂದ್ರವೇನೋ ತೆರೆಯಿತು. ಪೂರ್ಣಪ್ರಮಾಣದ ಸ್ಥಾವರದ ಯೋಜನೆಯನ್ನು 2013ರಲ್ಲಿ ಅವರ ಸರ್ಕಾರವೇ ಕೈಬಿಟ್ಟಿತು. ಇಂಥ ಸೋಲಿನ ಮೇಲೆ ಬೇರೆ ದೇಶಗಳು ಆ ಮಾತನ್ನೇ ಎತ್ತದೆ ಇದ್ದುವು. ನಾರ್ವೆಯವರು ಸೋಲಿನಿಂದ ಒಂದು ಪಾಠ ಕಲಿತಂತೆ ತೋರುತ್ತದೆ. ವಿದ್ಯುತ್ ಸ್ಥಾವರವನ್ನು ಬಿಟ್ಟು, ಬೇರೆ ದಾರಿಯಿಲ್ಲದ ಉದ್ಯಮಗಳನ್ನು ಹುಡುಕಿದರು. ಹಿಡಿಯುವವನೊಬ್ಬ, ಸಾಗಿಸಿ ಹೂಳುವವನೊಬ್ಬ ಎಂದು ಕೆಲಸವನ್ನು ವಿಭಾಗಿಸಿದರು. ಎರ್ನಾ ಸೋಲ್‌ಬರ್ಗರ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ವೈಕಿಂಗರ ಉದ್ದನೆಯ ಹಡಗಿನ ಹೆಸರಿಟ್ಟು ಮಂಡಿಸಿದ ‘ಲಾಂಗ್‌ಶಿಪ್’ ಯೋಜನೆಯ ಅಂದಾಜು ವೆಚ್ಚ 2,510 ಕೋಟಿ ನಾರ್ವೇಜಿಯನ್ ಕ್ರೋನರ್. ಅದರಲ್ಲಿ ಸರ್ಕಾರದ ಪಾಲು 1,680 ಕೋಟಿ, ಎಂದರೆ ಮೂರನೆಯ ಎರಡು ಭಾಗ. ಕಾರ್ಖಾನೆಯ ಒಡೆತನ ಜರ್ಮನಿಯ ಹೈಡಲ್‌ಬರ್ಗ್ ಮೆಟೀರಿಯಲ್ಸ್ ಸಂಸ್ಥೆಯದು. ಹೂಳುವ ‘ನಾರ್ದರ್ನ್ ಲೈಟ್ಸ್’ ಎಂಬ ಸಂಸ್ಥೆ ಈಕ್ವಿನಾರ್, ಶೆಲ್, ಟೋಟಲ್ ಎನರ್ಜೀಸ್ ಎಂಬ ಮೂರು ತೈಲ ಕಂಪನಿಗಳದು. ತೈಲದ ಸಂಪತ್ತಿನಿಂದ ಶ್ರೀಮಂತವಾದ ರಾಜ್ಯವು ತೈಲದ ಕೆಲಸಗಾರರ ಕೌಶಲವನ್ನೇ ಉಪಯೋಗಿಸಿ ಸಿಮೆಂಟಿನ ವಾಯುವನ್ನು ಹೂಳಿತೆಂಬುದು ಈ ಕಥೆಯ ಯಥಾರ್ಥವಾದ ತಿರುಳು. ಮೂವತ್ತು ವರ್ಷಗಳ ತೆರಿಗೆ, ಸೋಲು ಮತ್ತು ಸಾರ್ವಜನಿಕ ಹಣವನ್ನು ಬಿಟ್ಟು ಅದನ್ನು ಒಂದು ಸಂಸ್ಥೆಯ ದೂರದೃಷ್ಟಿಯ ಫಲವೆಂದು ಬರೆದರೆ, ಓದಿದ ಬೇರೆ ದೇಶದವರು ತಮ್ಮಲ್ಲಿಯೂ ಸಂಸ್ಥೆಗಳು ಮನಸ್ಸು ಮಾಡಿದರೆ ಸಾಕೆಂದು ತಪ್ಪು ತಿಳಿಯುತ್ತಾರೆ. ಇಂಥ ತಪ್ಪು ತಿಳಿವಳಿಕೆ ದುಬಾರಿಯಾದುದು.

ಎದುರು ಪಕ್ಷದವರಿಗೂ ಒಂದು ಮಾತನ್ನು ಹೇಳಬೇಕು. ಹಿಡಿದು ಹೂಳುವುದೆಲ್ಲ ತೈಲ ಕಂಪನಿಗಳು ಕಾಲಹರಣಕ್ಕಾಗಿ ಹೂಡಿದ ಮೋಸವೆಂದು ವಾದಿಸುವವರಿಗೆ ಮೋಂಗ್‌ಸ್ಟಾಡ್ ನೆಚ್ಚಿನ ಉದಾಹರಣೆ. ವಿದ್ಯುತ್ ಉತ್ಪಾದನೆಯ ವಿಷಯದಲ್ಲಿ ಅವರ ಸಂಶಯಕ್ಕೆ ಬೆಲೆಯಿದೆ. ಅಲ್ಲಿ ಗಾಳಿ, ಬಿಸಿಲುಗಳು ಅಗ್ಗವಾದುವು. ಸುಣ್ಣಕ್ಕೆ ಅಂಥ ಬದಲಿ ಇಲ್ಲ. ಉಕ್ಕಿಗೂ ಕಾಗದಕ್ಕೂ ಕುಡಿಯುವ ನೀರಿನ ಶುದ್ಧೀಕರಣಕ್ಕೂ ಬೇಕಾದ ಸುಣ್ಣದಲ್ಲಿ ಕಲಬೆರಕೆಗೆ ಎಡೆಯೇ ಇಲ್ಲ, ಸುಟ್ಟ ಮಣ್ಣಿನಿಂದ ಅದನ್ನು ಅರ್ಧ ಮಾಡಲಾಗದು. ಬೆಲ್ಜಿಯಂನ ಲಿಕ್ಸ್‌ಹ್ ಎಂಬಲ್ಲಿ 2019ರಲ್ಲಿ ಪ್ರಾರಂಭವಾದ ಒಂದು ಪ್ರಯೋಗ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಕಲ್ಲಿನ ಪುಡಿಯನ್ನು ಹೊರಗಿನಿಂದ ಕಾಯಿಸಿದ ಉಕ್ಕಿನ ಕೊಳವೆಯೊಳಗೆ ಬೀಳಿಸುತ್ತಾರೆ. ಇಂಧನದ ಹೊಗೆ ಕೊಳವೆಯ ಹೊರಗೆ, ಕಲ್ಲಿನ ವಾಯು ಒಳಗೆ. ಎರಡೂ ಬೆರೆಯುವುದೇ ಇಲ್ಲ, ಬೇರ್ಪಡಿಸುವ ಶ್ರಮವೂ ಇಲ್ಲ. ಬ್ಲ್ಯಾಕನು ಕಂಡಿದ್ದರೆ ಮೆಚ್ಚುತ್ತಿದ್ದನು. ಸಿಮೆಂಟಿಗೂ ಸುಣ್ಣಕ್ಕೂ ಒಗ್ಗುವ ಈ ವಿಧಾನಕ್ಕೆ ಬ್ರೆವಿಕ್ಕಿನ ಕಾಲು ಭಾಗದಷ್ಟೂ ಪ್ರಚಾರ ದೊರೆತಿಲ್ಲ.

‘ಶೂನ್ಯ’ದ ವಿಷಯದಲ್ಲಿ ಹೆಚ್ಚು ಕಟುವಾಗಿ ಹೇಳಬೇಕಾಗಿದೆ. ಬ್ರೆವಿಕ್ ಸ್ಥಾವರ ಹಿಡಿಯುವುದು ಕಾರ್ಖಾನೆಯ ಇಂಗಾಲಾಮ್ಲದ ಸುಮಾರು ಅರ್ಧವನ್ನು ಮಾತ್ರ. ಇದಕ್ಕೆ ಕಾರಣ ಅಸಾಮರ್ಥ್ಯವಲ್ಲ, ಮಿತವ್ಯಯ. ಅಮೀನ್ ಎಂಬ ವರ್ಗದ ದ್ರಾವಣವು ಹೊಗೆಯಿಂದ ಇಂಗಾಲಾಮ್ಲವನ್ನು ಹೀರುತ್ತದೆ. ಹೀರಿದ್ದನ್ನು ಬಿಡಿಸಲು ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಕಾರ್ಖಾನೆಯಲ್ಲಿ ವ್ಯರ್ಥವಾಗಿ ಹೋಗುತ್ತಿದ್ದ ಶಾಖವು ಇಷ್ಟಕ್ಕೆ ಸಾಕು. ಅದಕ್ಕಿಂತ ಹೆಚ್ಚು ಹಿಡಿಯಬೇಕಾದರೆ ಹಿಡಿಯುವುದಕ್ಕಾಗಿಯೇ ಹೊಸದಾಗಿ ಶಾಖವನ್ನು ಒದಗಿಸಬೇಕು. ಇದು ವಿವೇಕದ ನಿರ್ಧಾರವೇ. ಆದರೆ ಅರ್ಧ ಹಿಡಿದ ಕಾರ್ಖಾನೆಯ ಸಿಮೆಂಟಿಗೆ ‘ಇವೋಝೀರೋ’ ಎಂಬ ಹೆಸರು ಬಂದುದು ಹೇಗೆ? ಹಿಡಿದ ಟನ್ನುಗಳನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ಸಿಮೆಂಟಿನ ಒಂದು ಭಾಗಕ್ಕೆ ಮಾತ್ರ ಜಮೆ ಮಾಡಿ, ಆ ಭಾಗವನ್ನು ಶೂನ್ಯವೆಂದು ಮಾರುವುದರಿಂದ. ಬೇರೊಂದು ಊರಿನ ಗೂಡಿನಲ್ಲಿ ಬೆಂದ ಸಿಮೆಂಟಿನ ಚೀಲಕ್ಕೂ ಬ್ರೆವಿಕ್ಕಿನ ಪುಣ್ಯವನ್ನು ವರ್ಗಾಯಿಸಿ ಅದೇ ಹೆಸರಿನಲ್ಲಿ ಕೊಡುವ ವ್ಯವಸ್ಥೆಯಿದೆ. ಮೋಸವೆಂದು ಇದನ್ನು ಕರೆಯಲಾರೆ. ಒಂದೇ ಟನ್ನನ್ನು ಎರಡು ಸಲ ಮಾರದಂತೆ ದಾಖಲೆಯ ಏರ್ಪಾಡಿದೆ. ಆದರೂ ಮಧ್ಯಯುಗದ ಯೂರೋಪಿನ ಪಾಪವಿಮೋಚನಾ ಪತ್ರಗಳನ್ನು ತರಗತಿಯಲ್ಲಿ ಪಾಠ ಹೇಳುವವನಿಗೆ ಈ ಬಗೆಯ ಜಮಾಖರ್ಚನ್ನು ನೋಡಿದಾಗ ಮುಗುಳುನಗೆ ಬಾರದಿರದು. ವರ್ಷಕ್ಕೆ 160 ಕೋಟಿ ಟನ್ನಿಗೆ ಎದುರಾಗಿ 4 ಲಕ್ಷ ಟನ್ನೆಂದರೆ ಕಲ್ಲಿನ ವಾಯುವೊಂದಕ್ಕೇ 4,000 ಬ್ರೆವಿಕ್‌ಗಳು ಬೇಕೆಂಬ ಲೆಕ್ಕವನ್ನು ಆ ಚೀಲದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಗಟ್ಟಿಯಾದ ಗಾರೆಯೂ ಕಾಂಕ್ರೀಟೂ ಗಾಳಿಯಿಂದ ಇಂಗಾಲಾಮ್ಲವನ್ನು ನಿಧಾನವಾಗಿ ಮರಳಿ ಹೀರುತ್ತವೆಂಬ ಸಮಾಧಾನದ ಮಾತೂ ಉಂಟು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 1930ರಿಂದ 2013ರವರೆಗೆ ಸಿಮೆಂಟಿನ ಕಲ್ಲಿನಿಂದ ಹೊರಟ ವಾಯುವಿನಲ್ಲಿ ನೂರಕ್ಕೆ 43ರಷ್ಟು ಹೀಗೆ ಮರಳಿದೆ. ಸತ್ಯವೇ ಇರಬಹುದು. ಗೂಡು ಒಂದು ದಿನದಲ್ಲಿ ಬಿಟ್ಟುದನ್ನು ಗೋಡೆ ಅನೇಕ ದಶಕಗಳಲ್ಲಿ ಹೀರುತ್ತದೆಂಬುದೂ ಅಷ್ಟೇ ಸತ್ಯ.

ಈ ಚರ್ಚೆ ನಮಗೆ ಎಷ್ಟು ಸಂಬಂಧಿಸಿದ್ದೆಂಬುದನ್ನು ಕಲಬುರಗಿ ಜಿಲ್ಲೆಯ ನಕ್ಷೆಯನ್ನು ಹರಡಿಕೊಂಡು ನೋಡಬೇಕು. ಸಿಮೆಂಟಿನ ಉತ್ಪಾದನೆಯಲ್ಲಿ ಚೀನಾದ ಅನಂತರ ಭಾರತದ್ದೇ ಸ್ಥಾನ. ಕರ್ನಾಟಕದಲ್ಲಿ ಆ ಉದ್ಯಮದ ಹೃದಯಭಾಗ ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರಗಳ ಪ್ರದೇಶ. ಭೀಮಾ ತೀರದ ಸುಣ್ಣಕಲ್ಲಿನ ಹಾಸು ಅಲ್ಲಿನ ಗೂಡುಗಳಿಗೆ ಆಹಾರ. ಬ್ರೆವಿಕ್ಕಿಗೆ ಕಾರ್ಖಾನೆಯ ಬಾಗಿಲಲ್ಲಿಯೇ ಹಡಗುಕಟ್ಟೆಯಿದೆ. ಸೇಡಮ್ಮಿಗೆ ಕಡಲು ನೂರಾರು ಕಿಲೋಮೀಟರು ದೂರ. ಹತ್ತಿರವಿರುವುದು ದಖ್ಖನಿನ ಕಪ್ಪುಕಲ್ಲು, ಎಂದರೆ ಬಸಾಲ್ಟ್. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯು ದೇಶದ ಬಸಾಲ್ಟ್ ಬಂಡೆಗಳಲ್ಲಿ 9,700 ಕೋಟಿಯಿಂದ 31,600 ಕೋಟಿ ಟನ್ನುಗಳವರೆಗೆ ಇಂಗಾಲಾಮ್ಲವನ್ನು ಇಡಬಹುದೆಂದು ಸೈದ್ಧಾಂತಿಕವಾಗಿ ಅಂದಾಜು ಮಾಡಿದೆ. ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ಪಟ್ಟು ಅಂತರವಿರುವ ಸಂಖ್ಯೆಯನ್ನು ಆಸ್ತಿಯಂತೆ ಎಣಿಸುವುದು ಸಲ್ಲದು. ಬಂಡೆಯಿದೆಯೆಂಬುದು ಒಂದು ಸಂಗತಿ, ಅದು ಎಷ್ಟು ಆಳ, ಎಷ್ಟು ರಂಧ್ರಮಯ, ಅಂಚಿನ ಕಲಬುರಗಿಯ ಕಡೆ ತೆಳುವಾಗುತ್ತ ಬರುವಲ್ಲಿ ಎಷ್ಟು ಉಪಯುಕ್ತ ಎಂಬುದು ಇನ್ನೊಂದು.

ಬಸಾಲ್ಟಿನ ಪರವಾಗಿ ಸಾಕ್ಷ್ಯವಿಲ್ಲದಿಲ್ಲ. ಐಸ್‌ಲೆಂಡಿನ ಹೆಲ್ಲಿಶೈದಿಯಲ್ಲಿ 2012ರಲ್ಲಿ ಸುಮಾರು 230 ಟನ್ ಇಂಗಾಲಾಮ್ಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ ಇಳಿಸಿದರು. ಎರಡು ವರ್ಷದೊಳಗೆ ಅದರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಖನಿಜವಾಗಿ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ಗೂಡಿನಲ್ಲಿ ಕಲ್ಲಿನಿಂದ ಬಿಡುಗಡೆಯಾದುದು ಮತ್ತೆ ಕಲ್ಲಿಗೇ ಮರಳುವುದೆಂದರೆ ಬ್ಲ್ಯಾಕನ ವರ್ತುಲ ಪೂರ್ಣವಾದಂತೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ವಲುಲಾದಲ್ಲಿ 2013ರಲ್ಲಿ ಸುಮಾರು 1,000 ಟನ್ನನ್ನು ನೀರಿಲ್ಲದೆಯೇ ಇಳಿಸಿದ ಪ್ರಯೋಗವೂ ನಡೆದಿದೆ. ಆದರೆ ಹೆಚ್ಚು ಅನುಭವವಿರುವುದು ಐಸ್‌ಲೆಂಡಿನ ವಿಧಾನದಲ್ಲಿ. ಅದರಲ್ಲಿ ಒಂದು ಟನ್ ಇಂಗಾಲಾಮ್ಲಕ್ಕೆ ಸುಮಾರು 25 ಟನ್ ನೀರು ಬೇಕು. ವರ್ಷಕ್ಕೆ 10 ಲಕ್ಷ ಟನ್ ಹೂಳುವ ಒಂದು ಕಾರ್ಖಾನೆಗೆ ಇದು 2.5 ಕೋಟಿ ಘನ ಮೀಟರು, ನಮ್ಮ ನೀರಾವರಿ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಟಿಎಂಸಿಗೆ ತುಸು ಕಡಮೆ. ಆ ನೀರನ್ನು ಬಂಡೆಯಿಂದ ಮರಳಿ ಎತ್ತಿ ಪುನಃ ಉಪಯೋಗಿಸಬಹುದೆಂದು ಐಸ್‌ಲೆಂಡಿನವರು ಹೇಳುತ್ತಾರೆ, ಉಪ್ಪುನೀರಿನ ಪ್ರಯೋಗಗಳೂ ನಡೆದಿವೆ. ಮಳೆ ಹಿಮಗಳಿಗೆ ಕೊರತೆಯಿಲ್ಲದ ದ್ವೀಪದ ಆ ಮಾತನ್ನು, ಬೇಸಗೆ ಬಂದಿತೆಂದರೆ ಕುಡಿಯುವ ನೀರಿಗೆ ಟ್ಯಾಂಕರು ಕಾಯುವ ಹಳ್ಳಿಗಳಿರುವ ಭೀಮಾ ತೀರದಲ್ಲಿ, ಅಲ್ಲಿನ ಬಂಡೆಯನ್ನು ಕೊರೆದು ಪರೀಕ್ಷಿಸದೆ ಒಪ್ಪಿಕೊಳ್ಳುವಂತಿಲ್ಲ.